ರೇಡಿಯೇಟರಿನ ಸುಣ್ಣ

2025ರ ಏಪ್ರಿಲ್ 7, ಸೋಮವಾರ. ಬೆಳಿಗ್ಗೆ ಏಳು ಗಂಟೆ ಹನ್ನೆರಡು ನಿಮಿಷಕ್ಕೆ, ಮಸ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ಸಿಂಧನೂರಿನ ಬಸ್ಸಿಗೆ ಕಾಯುತ್ತ ನಿಂತಿದ್ದ ವೀರೇಶನ ಫೋನು ಬಡಿದುಕೊಂಡಿತು. ಹೆಂಡತಿ ಸಂಘಮಿತ್ರಾ.

"ಗಾಡಿ ಮತ್ತ ಕಾದು ನಿಂತೈತ್ರಿ," ಎಂದಳು. "ಲಿಂಗಸೂಗೂರು ಇನ್ನಾ ಹನ್ನೊಂದು ಕಿಲೋಮೀಟರ್ ಐತಿ. ಬಾನೆಟ್ಟಿಂದ ಹೊಗಿ ಬರಾಕತ್ತೈತಿ."

"ಹೊಗಿನೋ, ಉಗಿನೋ?"

"ನೀವ ಬಂದು ಮೂಸಿ ನೋಡ್ರಿ. ನನಗ ಎಂಟಕ್ಕ ಡ್ಯೂಟಿ."

ಗಾಡಿಗೆ ಬೀಗ ಹಾಕಿ, ಚಾವಿಯನ್ನು ರಸ್ತೆಬದಿಯ ಚಹಾದಂಗಡಿಯಲ್ಲಿ ಕೊಟ್ಟು, ಹಿಂದೆ ಬಂದ ಬಸ್ಸಿಗೆ ಕೈ ಮಾಡಿ ಅವಳು ಹೊರಟುಹೋದಳು. ವೀರೇಶ ಮೊದಲ ಪೀರಿಯಡ್ಡಿಗೆ ರಜೆ ಹೇಳಿ ಎದುರು ದಿಕ್ಕಿನ ಬಸ್ಸು ಹತ್ತಿದ. ಅವನು ಮುಟ್ಟುವಷ್ಟರಲ್ಲಿ ಇಂಜಿನ್ನು ತಣ್ಣಗಾಗಿತ್ತು. ಡಿಕ್ಕಿಯಲ್ಲಿದ್ದ ಕ್ಯಾನಿನ ನೀರನ್ನೆಲ್ಲ ರೇಡಿಯೇಟರಿಗೆ ಸುರಿದು, ಎಸಿ ಹಾಕದೆ, ಎತ್ತಿನ ಬಂಡಿಯ ಹಿಂದೆ ಹೋಗುವವನಂತೆ ಮೆಲ್ಲಗೆ ಮನೆಗೆ ತಂದ.

ಗಾಡಿ 2010ರ ಮಾಡೆಲ್ಲಿನ ಬಿಳಿ ಸೆಡಾನ್, ಪೆಟ್ರೋಲಿನದು. ವೀರೇಶನ ಅಪ್ಪ ಯಂಕೋಬ ಹಟ್ಟಿಯ ಚಿನ್ನದ ಗಣಿಯಲ್ಲಿ ಮೂವತ್ತೊಂದು ವರ್ಷ ಪಂಪ್ ಆಪರೇಟರ್ ಆಗಿದ್ದವನು. ನೆಲದಡಿಯ ನೀರನ್ನು ಮೇಲೆತ್ತುವ ಪಂಪುಗಳ ಕಾವಲು ಅವನದಾಗಿತ್ತು. ನಿವೃತ್ತಿಯಾದ ಮರುವರ್ಷ, 2019ರಲ್ಲಿ, ಸಿಂಧನೂರಿನ ಒಬ್ಬ ಅಧಿಕಾರಿಯಿಂದ ಎರಡೂಕಾಲು ಲಕ್ಷಕ್ಕೆ ಈ ಗಾಡಿ ಕೊಂಡು ಮಸ್ಕಿಯ ತನ್ನ ಓಣಿಗೆ ತಂದಿದ್ದ. ಆ ಓಣಿಗೆ ಬಂದ ಮೊದಲ ಕಾರು ಅದು. ಓಣಿಯಲ್ಲಿ ಯಾರ ಮನೆಯ ಮೋಟಾರು ಕೆಟ್ಟರೂ, ಮಿಕ್ಸಿ ಗೊರಗೊರ ಅಂದರೂ ಜನ ಯಂಕೋಬನನ್ನೇ ಕರೆಯುತ್ತಿದ್ದರು.

ವೀರೇಶ ಸಿಂಧನೂರಿನ ಡಿಗ್ರಿ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಲೆಕ್ಚರರ್. ಸಂಘಮಿತ್ರಾ ಲಿಂಗಸೂಗೂರಿನ ಆಸ್ಪತ್ರೆಯಲ್ಲಿ ನರ್ಸ್. ಮನೆ ಎರಡೂ ಊರಿನ ನಡುವೆ. ಬೆಳಿಗ್ಗೆ ಗಂಡ ಒಂದು ದಿಕ್ಕಿಗೆ ಬಸ್ಸು ಹತ್ತಿದರೆ ಹೆಂಡತಿ ಇನ್ನೊಂದು ದಿಕ್ಕಿಗೆ ಗಾಡಿ ತಿರುಗಿಸುತ್ತಿದ್ದಳು. ಎರಡು ವರ್ಷದ ಹಿಂದೆ ಮದುವೆಯ ಮಾತುಕತೆಯಲ್ಲಿ, ಜವಳಗೇರಾದ ಅವಳಪ್ಪ, "ಸಂಜಿ ಶಿಫ್ಟ್ ಬಂದ್ರ ರಾತ್ರಿ ಎಂಟಕ್ಕ ಬಿಡ್ತಾರ. ಬಸ್ಸಿನ ಭರೋಸಾ ಇಲ್ಲ. ಮಗಳು ಹೆಂಗ ಓಡಾಡಬೇಕ್ರಿ?" ಎಂದು ಕೇಳಿದಾಗ ಯಂಕೋಬ ಎದೆ ಮುಟ್ಟಿ ಹೇಳಿದ್ದ: "ಮನ್ಯಾಗ ಗಾಡಿ ಐತಲ್ರಿ. ಸೊಸಿ ಓಡಿಸಿಕೊಂಡು ಹೋಗ್ಲಿ." ಗಾಡಿ ಇಲ್ಲವೆಂದಾದರೆ ಅವಳು ಲಿಂಗಸೂಗೂರಿನಲ್ಲೇ ರೂಮು ಹಿಡಿಯಬೇಕು. ಇದು ಮನೆಯ ನಾಲ್ವರಿಗೂ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

ಈ ವರ್ಷ ಗಾಡಿಗೆ ಒಂದಾದ ಮೇಲೊಂದು ಶುರುವಾಗಿತ್ತು. ಜನವರಿಯಲ್ಲಿ ಮುಂದಿನ ಗಾಲಿಗಳಿಂದ ಕಟಕಟ ಸಪ್ಪಳ: ಬುಶ್ಶು, ಲಿಂಕ್ ರಾಡು ಬದಲಿಸಲು ಆರು ಸಾವಿರದ ನಾನೂರು. ಫೆಬ್ರವರಿಯಲ್ಲಿ ಕ್ಲಚ್ ಪ್ಲೇಟು, ಒಂಬತ್ತು ಸಾವಿರದ ಎಂಟುನೂರು. ಆಗಲೇ ಯಂಕೋಬ ಮೊದಲ ಸಲ, "ಕ್ಲಚ್ಚಿನ ಮ್ಯಾಲ ಕಾಲಿಟ್ಟು ಓಡಿಸಿದ್ರ ಮತ್ತೇನಾಗ್ತೈತಿ," ಎಂದು ಗೋಡೆಗೆ ಹೇಳುವಂತೆ ಹೇಳಿದ್ದ. ಮಾರ್ಚಿನಲ್ಲಿ ರೇಡಿಯೇಟರಿನ ಫ್ಯಾನ್ ಮೋಟಾರು, ಮೂರು ಸಾವಿರದ ಇನ್ನೂರು. ಅದು ಬದಲಾದ ಮೇಲೂ ಗಾಡಿ ಕಾಯುವುದು ನಿಂತಿರಲಿಲ್ಲ.

ಆ ಸೋಮವಾರ ಊಟಕ್ಕೆ ಕೂತಾಗ ಮಾತು ಅದಕ್ಕೇ ಬಂತು. ಅಮ್ಮ ಮುದುಕಮ್ಮ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು.

"ನಾ ದಿನಾ ಮುಂಜಾನಿ ಓಡಿಸ್ತೀನಿ," ಎಂದ ಯಂಕೋಬ. "ಒಂದಿನಾರ ಕಾದೈತೇನು? ಈಕಿ ಕೈಯಾಗ ಹೋದ್ರಷ್ಟ ಕಾಯ್ತೈತಿ. ಇದಕ್ಕೇನಂತೀರಿ?"

"ನೀವು ಓಡಿಸೋದು ಮೂರು ಕಿಲೋಮೀಟರ್ ಮಾವಾರ," ಎಂದಳು ಸಂಘಮಿತ್ರಾ. "ಅದೂ ಆರು ಗಂಟೇಕ, ತಂಪು ಹೊತ್ತಿನ್ಯಾಗ."

"ಅರ್ಧ ಕ್ಲಚ್ಚಿನ್ಯಾಗ ಓಡಿಸ್ತಿ ನೀನು. ಮ್ಯಾಲ ಎಸಿ ಬ್ಯಾರೆ. ಹಳೇ ಇಂಜಿನ್ನು ಎಷ್ಟಂತ ತಡಕೊಂತೈತಿ?"

"ಎಸಿ ಕಂಪನಿಯವ್ರು ಕೊಟ್ಟಾರ. ನಾ ಏನು ತವರುಮನಿಯಿಂದ ತಂದು ಹಚ್ಚೀನೇನ್ರಿ?"

"ಮೊದಲ ರೊಟ್ಟಿ ತಿನ್ರಿ," ಎಂದಳು ಮುದುಕಮ್ಮ, ಬಿಸಿರೊಟ್ಟಿಯೊಂದನ್ನು ಗಂಡನ ತಾಟಿಗೆ ಎಸೆಯುತ್ತ. "ಗಾಡಿಗಾದ್ರ ಮೆಕ್ಯಾನಿಕ್ ಅದಾನ. ಆರಿದ ರೊಟ್ಟಿಗೆ ಯಾವನೂ ಇಲ್ಲ."

ಮಾವ ಸೊಸೆ ಇಬ್ಬರೂ ವೀರೇಶನ ಮುಖ ನೋಡಿದರು. ಅವನು ಹಿಂಡಿಗೆ ಮೊಸರು ಕಲಸುತ್ತ, "ಬುಧವಾರ ಸಿಂಧನೂರಿಗೆ ಒಯ್ದು ಇಶ್ತಿಯಾಕ್ ಭಾಯಿಗೆ ತೋರಸ್ತೀನಿ," ಎಂದ. ಅದು ಯಾರ ಕಡೆಯ ಮಾತೂ ಆಗಿರಲಿಲ್ಲ.

ಬುಧವಾರ ಬೆಳಿಗ್ಗೆ ತನ್ನ ಗ್ಯಾರೇಜಿನಲ್ಲಿ ಇಶ್ತಿಯಾಕ್ ರೇಡಿಯೇಟರಿನ ಮುಚ್ಚಳ ತೆಗೆದು, ಟಾರ್ಚು ಬಿಟ್ಟು ಇಣುಕಿದ. ಉದ್ದನೆಯ ಸ್ಕ್ರೂಡ್ರೈವರ್ ಇಳಿಸಿ ಒಳಗೆ ಕೆರೆದ. ತುದಿಗೆ ಅಂಟಿಕೊಂಡು ಬಂದದ್ದನ್ನು ವೀರೇಶನ ಅಂಗೈಗೆ ಉದುರಿಸಿದ. ಬೆಳ್ಳಗಿನ ಹುಡಿ, ನಡುವೆ ಮೊಟ್ಟೆಯ ಸಿಪ್ಪೆಯಂಥ ಎರಡು ಚೂರು.

"ಇದಕ್ಕ ಏನು ಹಾಕ್ತೀರಿ ಸರ?"

"ನೀರು."

"ಯಾವ ನೀರು?"

ವೀರೇಶ ಅಂಗೈಯ ಹುಡಿಯನ್ನು ಬೆರಳಿನಿಂದ ತಿಕ್ಕಿದ. "ಬೋರಿಂದು."

"ನೀವು ಕುಡಿಯೋದು?"

"ಫಿಲ್ಟರ್ ನೀರು. ಕ್ಯಾನ್ ತರ್ತೀವಿ."

ಇಶ್ತಿಯಾಕ್ ನಗಲಿಲ್ಲ. "ಎಲ್ಲರ ಮನ್ಯಾಗೂ ಹಂಗ ಸರ. ನಾವು ಕುಡಿಯೋ ನೀರು ಗಾಡಿಗೆ ಹಾಕಬೇಕಂದ್ರ ಹೊಟ್ಟಿ ಉರಿತೈತಿ. ಒಳಗಿನ ಸಣ್ಣ ನಳಿಗಿ ಪೂರಾ ಮುಚ್ಯಾವ. ಥರ್ಮೋಸ್ಟಾಟೂ ಇಲ್ಲ, ಯಾವನೋ ಕಿತ್ತು ಒಗದಾನ. ರೇಡಿಯೇಟರ್ ಹೊಸಾದು ಹಾಕಿ, ಥರ್ಮೋಸ್ಟಾಟ್ ಕೂಡಿಸಿ, ಕೂಲೆಂಟ್ ತುಂಬಿದ್ರ ಎಂಟು ಸಾವಿರದ ಒಂಬೈನೂರು. ಸಾಮಾನು ಹುಬ್ಬಳ್ಳಿಯಿಂದ ಹದಿನೈದಕ್ಕ ಬರ್ತೈತಿ. ಅಲ್ಲೀತನಕ ಭಾಳ ನಿಧಾನ, ನಿಂತು ನಿಂತು ಓಡಿಸಬ್ಯಾಡ್ರಿ. ಗಾಳಿ ಹೊಡಿಲಿಲ್ಲಂದ್ರ ಕಾಯ್ತೈತಿ. ಇಂಜಿನ್ನಿನ ಹೆಡ್ ಗ್ಯಾಸ್ಕೆಟ್ ಹೋದ್ರ ಮೂವತ್ತು ಸಾವಿರದ ಮಾತು."

"ಓಡಿಸೋರ ತಪ್ಪೇನರ..." ಎಂದು ವೀರೇಶ ಅರ್ಧಕ್ಕೆ ನಿಲ್ಲಿಸಿದ.

"ಓಡಿಸೋರು ಏನು ಮಾಡ್ತಾರ ಸರ? ಇದು ನೀರು ಹಾಕಿದವ್ರದು."

ನೀರು ಹಾಕಿದವನು ಅಪ್ಪ. ಆರು ವರ್ಷದಿಂದ ದಿನಾ ಬೆಳಿಗ್ಗೆ ಆರಕ್ಕೆ ಬಾನೆಟ್ಟು ಎತ್ತಿ, ಎಣ್ಣೆಯ ಕಡ್ಡಿ ಒರೆಸಿ ನೋಡಿ, ಬೋರಿನ ನಳದಿಂದ ಅರ್ಧ ಲೀಟರಿನ ಬಾಟಲಿ ತುಂಬಿ ಸುರಿಯುವುದು ಅವನ ದಿನದ ಮೊದಲ ಕೆಲಸ. ಹಸಿರು ಬಣ್ಣದ ಕೂಲೆಂಟು ಅಂಗಡಿಯವರ ಹುನ್ನಾರ ಎಂಬುದು ಅವನ ಖಚಿತ ಅಭಿಪ್ರಾಯ. ಥರ್ಮೋಸ್ಟಾಟನ್ನು, "ಈ ಬಿಸಿಲೂರಿಗೆ ಇದು ಬ್ಯಾಡ," ಎಂದು ರಸ್ತೆಬದಿಯ ಮೆಕ್ಯಾನಿಕ್ ಕೀಳುವಾಗ ಪಕ್ಕದಲ್ಲಿ ನಿಂತು ತಲೆಯಾಡಿಸಿದವನೂ ಅವನೇ.

ಡಿಕ್ಕಿಯ ಕ್ಯಾನಿನಲ್ಲಿ ಅಪ್ಪ ಮತ್ತೆ ತುಂಬಿಸಿಟ್ಟಿದ್ದ ಬೋರಿನ ನೀರಿತ್ತು. ವೀರೇಶ ಅದರಲ್ಲಿ ಒಂದು ಬಾಟಲಿ ಹಿಡಿದುಕೊಂಡು ಕಾಲೇಜಿಗೆ ಹೋದ. ಮಧ್ಯಾಹ್ನ ಲ್ಯಾಬು ಖಾಲಿಯಿದ್ದಾಗ ಆ ನೀರಿನ ಗಡಸುತನ ಅಳೆದ. ಪ್ರತಿ ವರ್ಷ ಎರಡನೆಯ ವರ್ಷದ ಹುಡುಗ ಹುಡುಗಿಯರಿಂದ ಅವನು ಮಾಡಿಸುವ ಪ್ರಯೋಗ ಅದು. ಫ್ಲಾಸ್ಕಿನ ದ್ರಾವಣ ಕೆಂಪಿನಿಂದ ನೀಲಿಗೆ ತಿರುಗುವ ಹನಿಯನ್ನು ಮೂರು ಸಲ ಹಿಡಿದ. ಲೀಟರಿಗೆ ಎಂಟುನೂರ ಹನ್ನೆರಡು ಮಿಲಿಗ್ರಾಂ. ಕುಡಿಯುವ ನೀರಿಗೆ ಪುಸ್ತಕ ಹೇಳುವ ಕಡೆಯ ಮಿತಿ ಆರುನೂರು. ದಿನಕ್ಕೆ ಅರ್ಧ ಲೀಟರಿನಂತೆ ಆರು ವರ್ಷಕ್ಕೆ ಲೆಕ್ಕ ಹಾಕಿದ: ಸುಮಾರು ಎಂಟುನೂರ ತೊಂಬತ್ತು ಗ್ರಾಂ ಸುಣ್ಣ. ಬಾಯ್ಲರಿನೊಳಗೆ ಗಡಸು ನೀರು ಏನು ಮಾಡುತ್ತದೆಂದು ಬೋರ್ಡಿನ ಮೇಲೆ ಚಿತ್ರ ಬರೆದು ಹನ್ನೊಂದು ವರ್ಷದಿಂದ ಪಾಠ ಹೇಳುತ್ತಿರುವವನು ಅವನು. ಅಪ್ಪ ಬಾಟಲಿ ತುಂಬುವುದನ್ನು ಅಷ್ಟೂ ದಿನ ಹಲ್ಲುಜ್ಜುತ್ತ ನೋಡಿದ್ದವನೂ ಅವನೇ.

ಸಂಜೆ ಮನೆಗೆ ಬಂದಾಗ ಯಂಕೋಬ ಕಟ್ಟೆಯ ಮೇಲೆ ಪಕ್ಕದ ಮನೆಯ ಜಂಬಣ್ಣನ ಜೊತೆ ಕೂತಿದ್ದ. ಜಂಬಣ್ಣನದು ಒಂದು ಟ್ರ್ಯಾಕ್ಟರು.

"ಹದಿನಾಲ್ಕಕ್ಕ ಜಯಂತಿ ಮೆರವಣಿಗಿಯಾಗ ನಮ್ಮ ಗಾಡಿನೂ ಇರಬೇಕಂತ ಹಿರೇರೆಲ್ಲ ಹೇಳ್ಯಾರ," ಎಂದ ಯಂಕೋಬ, ಮಗನನ್ನು ಕಂಡ ಕೂಡಲೇ. "ಏನಂದಲೇ ನಿಮ್ಮ ಇಶ್ತಿಯಾಕ್?"

"ರೇಡಿಯೇಟರ್ ಹಳೇದಾಗೇತಿ. ಹದಿನೈದಕ್ಕ ಬದಲಿ ಮಾಡ್ತಾನಂತ. ಅಲ್ಲೀತನಕ ಭಾಳ ಓಡಿಸಬ್ಯಾಡ್ರಿ ಅಂದ."

"ಅಂದ್ರ ಈಕಿ ಸುಟ್ಲು ಅಂತಾತು."

ಒಳಗೆ ಸಂಘಮಿತ್ರಾ ಬಟ್ಟೆ ಮಡಚುತ್ತಿದ್ದಳು. ಕಿಟಕಿ ತೆರೆದಿತ್ತು. ವೀರೇಶ ಚಪ್ಪಲಿ ಬಿಟ್ಟು, ಕಾಲು ತೊಳೆದು ಒಳಗೆ ಹೋದ.

ಗುರುವಾರ ಯಂಕೋಬ ಗಾಡಿಯ ಚಾವಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡ. "ಜಯಂತಿ ಮುಗಿಯೋತನಕ ಗಾಡಿ ಹೊರಗ ಹೋಗಂಗಿಲ್ಲ." ಅವತ್ತು ಅವಳಿಗೆ ಸಂಜೆ ಶಿಫ್ಟು. ಎಂಟಕ್ಕೆ ಬಿಟ್ಟವಳು ಲಿಂಗಸೂಗೂರಿನ ಬಸ್‌ಸ್ಟ್ಯಾಂಡಿನಲ್ಲಿ ಒಂದೂವರೆ ತಾಸು ನಿಂತಳು. ಶುಕ್ರವಾರವೂ ಹಾಗೇ ಆಯಿತು. ಶನಿವಾರ ಬೆಳಿಗ್ಗೆ ಒಗ್ಗರಣೆ ಮಂಡಕ್ಕಿಯ ತಾಟು ಮುಂದಿಟ್ಟುಕೊಂಡೇ ಹೇಳಿದಳು.

"ಅತ್ತಿ, ನಮ್ಮ ಜೊತಿ ಕೆಲಸ ಮಾಡೋ ಗಾಯತ್ರಿ ರೂಮಿನ್ಯಾಗ ಒಂದು ಮಂಚ ಖಾಲಿ ಐತಿ. ನಾ ಅಲ್ಲಿ ಇರ್ತೀನಿ."

"ಎಷ್ಟು ದಿನ ಯವ್ವಾ?" ಎಂದಳು ಮುದುಕಮ್ಮ.

"ನೋಡ್ಬೇಕು."

"ಒಂದು ಮಾತಂದ್ರ ಮನಿ ಬಿಟ್ಟು ಹೋಗೋದೇನು?" ಎಂದ ಯಂಕೋಬ. ದನಿ ಏರಿತ್ತು. "ಗಾಡಿ ಖರಾಬ್ ಮಾಡಿದಾಕಿ ನೀನು, ಸಿಟ್ಟೂ ನಿಂದ?"

"ಒಂದು ಮಾತಲ್ಲ ಮಾವಾರ. ಫೆಬ್ರವರಿಯಿಂದ ಎಣಿಸೀನಿ. ಕ್ಲಚ್ ನಂದು, ಫ್ಯಾನ್ ನಂದು, ಈಗ ರೇಡಿಯೇಟರೂ ನಂದು. ಇನ್ನೊಂದು ವಾರ ಬಿಟ್ರ ಟಯರ್ ಸವದಿದ್ದೂ ನಾ ಕಡಿದು ತಿಂದಿದ್ದಕ್ಕ ಅಂತೀರಿ."

ಮುದುಕಮ್ಮನಿಗೆ ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡಳು. ಯಂಕೋಬ ತಾಟು ಸರಿಸಿ ಎದ್ದುಹೋದ.

ವೀರೇಶ ರೂಮಿಗೆ ಬಂದಾಗ ಅವಳು ಬ್ಯಾಗಿಗೆ ಯೂನಿಫಾರ್ಮು ಹಾಕುತ್ತಿದ್ದಳು.

"ಒಂದು ಕೇಳ್ತೀನಿ," ಎಂದಳು. "ನಾ ಓಡಿಸಿದ್ದಕ್ಕ ಹಿಂಗಾಗೇತಿ ಅಂತ ಇಶ್ತಿಯಾಕ್ ಭಾಯಿ ಅಂದನೇನ್ರಿ?"

"ಇಲ್ಲ."

"ಮತ್ತ ಯಾವುದಕ್ಕ ಆಗೇತಂತ?"

"ಹದಿನೈದು ವರ್ಷದ ಗಾಡಿ. ಒಳಗ ಮುಚ್ಚಿಕೊಂಡೈತಿ."

"ಯಾವುದು ಮುಚ್ಚಿಕೊಂಡೈತಿ?"

ಅವನು ಕಿಟಕಿಯ ಕಡೆ ನೋಡಿದ. ಹೊರಗೆ ಯಂಕೋಬ ಹಳೆಯ ಬನಿಯನ್ನಿನಿಂದ ಗಾಡಿಯ ಗಾಜು ತಿಕ್ಕುತ್ತಿದ್ದ. "ಜಯಂತಿ ಮುಗೀಲಿ, ಎಲ್ಲಾ ಹೇಳ್ತೀನಿ."

"ನನಗ ಹೇಳಬ್ಯಾಡ್ರಿ. ನಾ ಓಡಿಸಿದ್ದಕ್ಕಲ್ಲ ಅನ್ನೋದಷ್ಟ ಮಾವಗ ಹೇಳ್ರಿ. ಈಗ, ನಾ ಇಲ್ಲಿರೂವಾಗ."

"ಎರಡು ದಿನ ತಡಿ ಮಿತ್ರಾ. ಮಂದಿ ಮುಂದ ಮೆರೀಬೇಕಂತ ಕುಂತಾನ ಅಂವ."

ಅವಳು ಬ್ಯಾಗಿನ ಜಿಪ್ಪು ಎಳೆದಳು. ಬಸ್‌ಸ್ಟ್ಯಾಂಡಿಗೆ ಬಿಡುತ್ತೇನೆಂದು ಅವನು ಸ್ಕೂಟರ್ ತೆಗೆದರೆ, ಆಗಲೇ ಆಟೋ ಕರೆದಿದ್ದಳು.

ಏಪ್ರಿಲ್ 14ರ ಸಂಜೆ ಐದಕ್ಕೆ ಮೆರವಣಿಗೆ ಹೊರಟಿತು. ಮುಂದೆ ಹಲಗೆ ಬಾರಿಸುವವರು, ಹಿಂದೆ ಜಂಬಣ್ಣನ ಟ್ರ್ಯಾಕ್ಟರಿನಲ್ಲಿ ಹೂವು ಹಾಕಿದ ಸಂವಿಧಾನಶಿಲ್ಪಿಯ ದೊಡ್ಡ ಫೋಟೋ, ಅದರ ಹಿಂದೆ ಯಂಕೋಬನ ಬಿಳಿ ಗಾಡಿ. ಗಾಡಿಯೊಳಗೆ ಓಣಿಯ ನಾಲ್ವರು ಹಿರಿಯರು. ಗಾಡಿಯ ಮೂತಿಗೆ ನೀಲಿ ಬಟ್ಟೆಯ ಬ್ಯಾನರ್ ಕಟ್ಟಬೇಕೆಂದು ಎಲ್ಲರೂ ಅಂದಾಗ ಕಟ್ಟಿದವನು ವೀರೇಶ. ಕೆಳಗಡೆ ನಾಲ್ಕು ಬೆರಳಿನಷ್ಟು ಜಾಗ ಬಿಟ್ಟು ಕಟ್ಟಿದ, ಗಾಳಿ ಹೋಗಲೆಂದು. ಗಂಟು ಹಾಕುವಾಗ ಅಪ್ಪ ಸ್ಟೇರಿಂಗಿನ ಹಿಂದೆ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಕೂತು, "ಬಿಗಿ ಐತೇನಲೇ?" ಎಂದು ಕೇಳಿದ. "ಐತಪ್ಪಾ," ಎಂದ ವೀರೇಶ.

ಗಾಡಿ ಹತ್ತು ಹೆಜ್ಜೆ ಹೋಗುವುದು, ಹಲಗೆ ಕುಣಿತಕ್ಕೆ ನಿಲ್ಲುವುದು. ಮತ್ತೆ ಹತ್ತು ಹೆಜ್ಜೆ. ಹಿರಿಯರಿಗೆ ಸೆಖೆ ಎಂದು ಯಂಕೋಬನೇ ಎಸಿ ಹಾಕಿದ. ವೀರೇಶ ಪಕ್ಕದಲ್ಲಿ ನಡೆಯುತ್ತ ಬಾನೆಟ್ಟಿಗೆ ಅಂಗೈ ತಾಗಿಸಿ ತಾಗಿಸಿ ನೋಡುತ್ತಿದ್ದ. ನಲವತ್ತು ನಿಮಿಷಕ್ಕೆ ಬ್ಯಾನರಿನ ಮೇಲಿನಿಂದ ಉಗಿ ಎದ್ದಿತು. ಜನ ದೂರ ಸರಿದರು. ಅವನು ಓಡಿಹೋಗಿ ಬ್ಯಾನರ್ ಕಿತ್ತು, "ಬಂದ್ ಮಾಡಪ್ಪಾ," ಎಂದ. ಅಪ್ಪ ಬಂದ್ ಮಾಡಲಿಲ್ಲ. ಇಳಿದು, ಬಾನೆಟ್ಟು ಎತ್ತಿ, ಮುಚ್ಚಳಕ್ಕೆ ಬಟ್ಟೆ ಸುತ್ತಿ ತಿರುವಿ, ಬಿಸಿನೀರು ಚಿಮ್ಮಿ ಅಡಗಿದ ಮೇಲೆ, ಯಾರೋ ತಂದುಕೊಟ್ಟ ಕೊಡದ ತಣ್ಣೀರನ್ನು ಸುರಿದುಬಿಟ್ಟ. ಇಂಜಿನ್ನಿನೊಳಗೆ ಟಣ್ ಎಂದಿತು. ಆಮೇಲೆ ಅದು ಗಡಗಡ ನಡುಗಿ ತಾನೇ ನಿಂತಿತು.

ಹಿರಿಯರು ಇಳಿದು ನಡೆದರು. ಹಲಗೆಯವರು ಮುಂದೆ ಹೋದರು. ಯಂಕೋಬನ ಬಿಳಿ ಅಂಗಿಯ ಎದೆಯ ಮೇಲೆ ಕಂದು ನೀರಿನ ಕಲೆ. ಕೈ ಸುಟ್ಟಿತ್ತು, ಮಗನಿಗೆ ತೋರಿಸಲಿಲ್ಲ. "ನಾ ಓಡಿಸಿದ್ರೂ ಕಾದ್ತಲಾ," ಎಂದಷ್ಟೇ ಅಂದ.

ಮರುದಿನ ಜಂಬಣ್ಣ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಗಾಡಿಯನ್ನು ಸಿಂಧನೂರಿಗೆ ಎಳೆದ. ಸ್ಟೇರಿಂಗು ಯಂಕೋಬನ ಕೈಯಲ್ಲಿ, ಪಕ್ಕದ ಸೀಟಿನಲ್ಲಿ ವೀರೇಶ. ಗ್ಯಾರೇಜಿನ ಮುಂದೆ ಹಗ್ಗ ಬಿಚ್ಚುತ್ತ ಜಂಬಣ್ಣ ಹೇಳಿದ: "ಯಂಕೋಬಣ್ಣ, ಇವತ್ತಿನ ಮೈಲೇಜ್ ನೋಡು. ಒಂದು ಹನಿ ಪೆಟ್ರೋಲಿಲ್ಲದ ಸಿಂಧನೂರು ಮುಟ್ಟೇತಿ."

ಇಶ್ತಿಯಾಕ್ ಎಣ್ಣೆಯ ಕಡ್ಡಿ ಎಳೆದು ತೋರಿಸಿದ. ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತ್ತು. "ಹೆಡ್ ಗ್ಯಾಸ್ಕೆಟ್ ಹೋಗೇತಿ. ನೀರು ಎಣ್ಣಿಗೆ ಇಳದೈತಿ. ಹೆಡ್ ಬಿಚ್ಚಿ, ತಳ ಸಮ ಮಾಡಾಕ ಫೇಸಿಂಗ್‌ಗೆ ಕಳಸಬೇಕು. ಮೆರವಣಿಗಿಗೆ ಯಾಕ ಒಯ್ದ್ರಿ ಸರ? ಬುಧವಾರನ ಹೇಳಿದ್ನಲ್ಲ, ನಿಂತು ನಿಂತು ಓಡಿಸಬ್ಯಾಡ್ರಿ ಅಂತ. ಬೋರಿನ ನೀರಿನ ಸುಣ್ಣ ತೋರಿಸಿದ್ನಲ್ಲ ನಿಮಗ."

ಯಂಕೋಬ ಕಡ್ಡಿಯಿಂದ ಕಣ್ಣು ತೆಗೆದು ಇಶ್ತಿಯಾಕನನ್ನು ನೋಡಿದ, ಆಮೇಲೆ ಮಗನನ್ನು. "ಯಾವ ಸುಣ್ಣ?"

ಇಶ್ತಿಯಾಕ್ ಮತ್ತೊಮ್ಮೆ ಕೆರೆದು ತೋರಿಸಿದ. ಯಂಕೋಬ ಹುಡಿಯನ್ನು ಸುಟ್ಟ ಬೆರಳಿನಿಂದಲೇ ತಿಕ್ಕಿ ನೋಡಿದ. ನಾಲಿಗೆಗೆ ತಾಗಿಸಿ ಉಗುಳಿದ.

ಜಂಬಣ್ಣನಿಗೆ ಪೇಟೆಯಲ್ಲಿ ಕೆಲಸವಿತ್ತು. ಅಪ್ಪ ಮಗ ಬಸ್ಸಿನಲ್ಲಿ ಹಿಂದಿರುಗಿದರು. ಕಾಲುವೆ ದಾಟುವವರೆಗೂ ಯಂಕೋಬ ಕಿಟಕಿಯ ಹೊರಗೆ ನೋಡುತ್ತಿದ್ದ.

"ಬುಧವಾರ ಗೊತ್ತಿತ್ತು ನಿನಗ," ಎಂದ ಆಮೇಲೆ.

"ಹೂಂ."

"ನಾ ಬೈತೀನಂತ ಹೇಳಲಿಲ್ಲೇನು?"

"ನೀ ಬೇಜಾರ ಆಗ್ತೀ ಅಂತ."

"ಬೇಜಾರ." ಯಂಕೋಬ ಆ ಮಾತನ್ನು ಬಾಯಲ್ಲಿಟ್ಟುಕೊಂಡು ನೋಡಿದ. "ಹಟ್ಟಿಯಾಗ ಶಿಫ್ಟ್ ಮುಗಿದಾಗ ಬುಕ್ಕಿನ್ಯಾಗ ಬರದು ಮ್ಯಾಲ ಬರಬೇಕಿತ್ತು. ಮೂರನೇ ಪಂಪು ಬಿಸಿ ಆಗೇತಿ, ಬೇರಿಂಗ್ ಸಪ್ಪಳ ಮಾಡಾಕತ್ತೈತಿ, ಹಿಂಗ. ಯಾರ ತಪ್ಪು ಅನ್ನಾಕ ಅದರಾಗ ಕಾಲಮ್ ಇರಲಿಲ್ಲ. ನಂದ ತಪ್ಪಿದ್ದಾಗ ನನ್ನ ಕೈಕೆಳಗಿನಾವ ಬರದಾನ, ನಾ ಸಹಿ ಮಾಡೀನಿ. ಬರೀಲಾರದ ಬಂದವನಿಗಷ್ಟ ಮೆಮೋ. ಯಾಕ? ಕೆಳಗ ಮುಂದಿನ ಶಿಫ್ಟಿನ ಮಂದಿ ಇರ್ತಾರ."

ಕಂಡಕ್ಟರ್ ಬಂದ. ಯಂಕೋಬ ಇಬ್ಬರ ಟಿಕೆಟನ್ನೂ ತಾನೇ ತೆಗೆಸಿದ.

"ಆಕಿ ಹೋಗಬೇಕಾದ್ರ ಕೇಳಿದ್ಲೇನು ನಿನ್ನ?"

"ಕೇಳಿದ್ಲು."

"ಏನಂದಿ?"

"ಜಯಂತಿ ಮುಗೀಲಿ ಅಂದೆ."

ಮರುದಿನ ಬೆಳಿಗ್ಗೆ ಯಂಕೋಬ ಮುದುಕಮ್ಮನಿಂದ ಎಂಟು ರೊಟ್ಟಿ, ಬದನೆಕಾಯಿ ಪಲ್ಯ ಕಟ್ಟಿಸಿಕೊಂಡು ಒಬ್ಬನೇ ಲಿಂಗಸೂಗೂರಿನ ಬಸ್ಸು ಹತ್ತಿದ. ಸಂಜೆ ವೀರೇಶ ಕಾಲೇಜಿನಿಂದ ಬಂದಾಗ ಕಟ್ಟೆಯ ಮೇಲೆ ಕೂತಿದ್ದ. ಬೆರಳುಗಳಿಗೆ ಅಚ್ಚುಕಟ್ಟಾಗಿ ಬ್ಯಾಂಡೇಜು ಸುತ್ತಿತ್ತು.

"ಹೇಳಿದೆ," ಎಂದ. "ತಪ್ಪು ನಂದು ಯವ್ವಾ, ನೀರು ಹಾಕಿದಾವ ನಾನು ಅಂದೆ. ಚಹಾ ಕುಡಿಸಿದ್ಲು. ಕೈ ನೋಡಿ ಬೈದ್ಲು."

"ಬರ್ತಾಳಂತೇನು?"

"ಅದನ್ನ ನಾ ಕೇಳಲಿಲ್ಲ. ಅದು ನಿಂದು. ನಿನಗ ಬುಧವಾರನ ಗೊತ್ತಿತ್ತು ಅಂತಾನೂ ಹೇಳೀನಿ. ಆಕಿ ಕೇಳಿದ್ಲು, ನನಗ ಮುಚ್ಚಿಡಾಕ ಬರಲಿಲ್ಲ."

ಅಂದೇ ವೀರೇಶ ಫೋನು ಮಾಡಿದ. ಅವಳು ಎತ್ತಿದಳು. ಕೇಳಿದ್ದಕ್ಕೆ ಕೇಳಿದಷ್ಟೇ ಉತ್ತರ: ಊಟ ಆಯಿತು, ಡ್ಯೂಟಿ ಇದೆ, ರೂಮಿಗೆ ಫ್ಯಾನಿದೆ. ನಾಳೆ ಮಾತಾಡೋಣ ಎಂದರೆ ಹೂಂ ಎನ್ನುತ್ತಿದ್ದಳು. ನಾಳೆಯೂ ಅಷ್ಟೇ ಮಾತು. ಮನೆಯಲ್ಲಿ ಮುದುಕಮ್ಮ ಅಭ್ಯಾಸದಿಂದ ನಾಲ್ವರ ಹಿಟ್ಟು ಕಲಸುತ್ತಿದ್ದಳು. ಉಳಿದ ರೊಟ್ಟಿಯನ್ನು ಮರುದಿನ ಒಗ್ಗರಣೆ ಹಾಕಿ ಗಂಡ ಮಗನಿಗೇ ಬಡಿಸುತ್ತಿದ್ದಳು. ವೀರೇಶ ಬೆಳಿಗ್ಗೆ ಐದಕ್ಕೇ ಎಚ್ಚರವಾಗಿ, ಬಸ್ಸಿಗೆ ಎರಡು ತಾಸು ಇರುವಾಗಲೇ ಸ್ನಾನ ಮುಗಿಸಿ, ಅಂಗಳದಲ್ಲಿ ಗಾಡಿಯಿಲ್ಲದ ಜಾಗವನ್ನು ಸುತ್ತುತ್ತಿದ್ದ.

ಏಪ್ರಿಲ್ ಕೊನೆಗೆ ಇಶ್ತಿಯಾಕ್ ಫೋನಿನಲ್ಲಿ ಬಿಲ್ಲು ಹೇಳಿದ. ಹೆಡ್ಡಿನ ಕೆಲಸ, ಗ್ಯಾಸ್ಕೆಟ್, ವಾಟರ್ ಪಂಪು, ರೇಡಿಯೇಟರು, ಎಣ್ಣೆ, ಮಜೂರಿ ಎಲ್ಲ ಸೇರಿ ಮೂವತ್ತೊಂದು ಸಾವಿರದ ಏಳುನೂರ ಐವತ್ತು. ವೀರೇಶ ಊಟದ ಮುಂದೆ ಅದನ್ನು ಹೇಳಿದ.

"ಮೊದಲ ಎಷ್ಟಂದಿದ್ದ?" ಎಂದಳು ಮುದುಕಮ್ಮ.

"ಎಂಟು ಸಾವಿರದ ಒಂಬೈನೂರು."

"ಅಂದ್ರ ಇಪ್ಪತ್ತೆರಡು ಸಾವಿರದ ಎಂಟುನೂರ ಐವತ್ತು ಜಾಸ್ತಿ. ಐದು ದಿನ ಬಾಯಿ ಮುಚ್ಚಿಕೊಂಡಿದ್ದಕ್ಕ. ದಿನಕ್ಕ ಎಷ್ಟಾತೋ ಲೆಕ್ಚರರಾ?"

"ನಾಲ್ಕು ಸಾವಿರದ ಐನೂರ ಎಪ್ಪತ್ತು," ಎಂದ ವೀರೇಶ. ಬಾಯಿ ತಾನಾಗಿಯೇ ಹೇಳಿಬಿಟ್ಟಿತ್ತು.

"ನಿನ್ನ ದಿನದ ಪಗಾರಕ್ಕಿಂತ ಜಾಸ್ತಿ ಬಿತ್ತು," ಎಂದು ಅವಳು ಅವನ ತಾಟಿಗೆ ಅನ್ನ ಹಾಕಿದಳು.

ಮೇ 3ರಂದು ಗಾಡಿ ಸಿಕ್ಕಿತು. ಮರುದಿನ, ಭಾನುವಾರ, ವೀರೇಶ ಅದನ್ನು ತೆಗೆದುಕೊಂಡು ಲಿಂಗಸೂಗೂರಿಗೆ ಹೋದ. ದಾರಿಯುದ್ದಕ್ಕೂ ಎಸಿ ಹಾಕಿದ್ದ. ಹೊರಗೆ ನಲವತ್ತೆರಡು ಡಿಗ್ರಿ ಬಿಸಿಲು. ಗಾಡಿ ಒಂದು ಸಲವೂ ಕಾಯಲಿಲ್ಲ. ಹೇಳಬೇಕಾದ್ದನ್ನು ಮನಸ್ಸಿನಲ್ಲೇ ನಾಲ್ಕು ಸಲ ಹೇಳಿಕೊಂಡ.

ಗಾಯತ್ರಿಯ ರೂಮು ಎರಡನೆಯ ಮಹಡಿಯಲ್ಲಿತ್ತು. ಅವನನ್ನು ಕಂಡು ಗಾಯತ್ರಿ ತರಕಾರಿ ತರುವ ನೆಪ ಹೇಳಿ ಇಳಿದುಹೋದಳು. ಸಂಘಮಿತ್ರಾ ಸ್ಟೋವಿನ ಮೇಲೆ ಚಹಾ ಇಟ್ಟಳು. ಗೋಡೆಗೆ ಡ್ಯೂಟಿ ಚಾರ್ಟು, ಅದರ ಕೆಳಗೆ ಹೊಸ ಬಕೆಟ್ಟು, ಹೊಸ ಮಗ್ಗು.

"ಗಾಡಿ ಬರಾಬರ್ ಆಗೇತಿ," ಎಂದ ವೀರೇಶ. "ಅಪ್ಪ ಈಗ ನೀರು ಹಾಕಂಗಿಲ್ಲ. ಕೂಲೆಂಟ್ ಎಷ್ಟೈತಿ ಅಂತ ನೋಡ್ತಾನಷ್ಟ. ಚಾವಿ ನೀನ ಇಟ್ಟುಕೊ ಅಂದಾನ."

"ಕೈ ಹೆಂಗೈತಿ ಮಾವಂದು?"

"ಮಾಯೇತಿ."

ಅವಳು ಚಹಾ ಸೋಸಿ ಎರಡು ಲೋಟಕ್ಕೆ ಹಾಕಿದಳು. "ಇಲ್ಲಿಂದ ಆಸ್ಪತ್ರಿಗೆ ಆರು ನಿಮಿಷದ ನಡಿಗಿರೀ. ನನಗ ಗಾಡಿ ಎದಕ್ಕ?"

"ಮಿತ್ರಾ, ಅಪ್ಪ ಬಂದು ತಪ್ಪಾತು ಅಂದ್ನಲ್ಲ. ಅಂವಂದು ಮನಸ್ಸಿನ್ಯಾಗ ಇಟ್ಟುಕೊಬ್ಯಾಡ."

"ಮಾವಂದು ನನ್ನ ಮನಸ್ಸಿನ್ಯಾಗ ಇಲ್ಲ," ಎಂದಳು. ಸಿಟ್ಟಿನ ದನಿಯಾಗಿರಲಿಲ್ಲ ಅದು. ವಾರ್ಡಿನಲ್ಲಿ ರೋಗಿಯ ಕಡೆಯವರಿಗೆ ವಿವರ ಹೇಳುವ ದನಿ. "ಮಾವಗ ಗೊತ್ತಿರಲಿಲ್ಲ. ಗೊತ್ತಿಲ್ಲದ ಬೈದ್ರು, ಗೊತ್ತಾದ ಮರುದಿನ ಬಸ್ ಹತ್ತಿ ಬಂದ್ರು. ನಿಮಗ ಗೊತ್ತಿತ್ತು. ನಾ ಬ್ಯಾಗ್ ತುಂಬಾಕತ್ತಿದ್ದೆ, ನೀವು ಎದುರಿಗೆ ನಿಂತಿದ್ರಿ. ಒಂದು ಮಾತು ಹೇಳಾಕ ಎಷ್ಟು ಹೊತ್ತು ಬೇಕಿತ್ತು ನಿಮಗ?"

ವೀರೇಶ ದಾರಿಯಲ್ಲಿ ಹೇಳಿಕೊಂಡು ಬಂದದ್ದನ್ನೆಲ್ಲ ಬದಿಗಿಟ್ಟ. "ಹೇಳಬೇಕಿತ್ತು," ಎಂದ. "ಅಂಜಿದೆ."

"ಯಾರಿಗೆ?"

"ಅಪ್ಪಗ ಅಂತ ತಿಳಕೊಂಡಿದ್ದೆ. ಅಂವ ಏನೂ ಅನ್ನಲಿಲ್ಲ. ಯಾರಿಗೆ ಅಂಜಿದೆ ಅನ್ನೋದು ಈಗೂ ಗೊತ್ತಾಗವಲ್ದು."

ಅವಳು ಲೋಟವನ್ನು ಅವನ ಕಡೆ ಸರಿಸಿದಳು. "ಇದೊಂದು ಖರೇ ಹೇಳಿದ್ರಿ," ಎಂದಳು. "ಜುಲೈತನಕ ಬಾಡಿಗಿ ಕೊಟ್ಟೀನಿ. ರಜಾ ಇದ್ದಾಗ ಬಂದು ಹೋಗ್ತೀನಿ, ಅತ್ತಿಗೆ ಹೇಳ್ರಿ. ಆಮ್ಯಾಲಿಂದು ಆಮ್ಯಾಲ."

"ಬಂದು ಹೋಗ್ತಿ, ಅಂದ್ರ?"

"ಅಂದ್ರ ಅಷ್ಟರಿ. ಚಹಾ ಆರಾಕತ್ತೈತಿ."

ಅವನು ಕುಡಿದ. ಕೆಳಗಿಳಿಯುವಾಗ ಅವಳು ಮೆಟ್ಟಿಲಿನ ತನಕ ಬಂದಳು. ಗಾಡಿಯಲ್ಲಿ ಕೂತು ತಲೆ ಎತ್ತಿದರೆ ಮಹಡಿಯ ಕಟಾಂಜನದ ಬಳಿ ಇನ್ನೂ ನಿಂತಿದ್ದಳು. ಅವನು ಚಾವಿ ತಿರುವಿದ. ಮೀಟರಿನ ಪಕ್ಕದ ಸಣ್ಣ ಗುಂಡಿಯನ್ನು ಒತ್ತಿ ಹಿಡಿದು ಟ್ರಿಪ್ಪಿನ ಅಂಕಿಯನ್ನು ಸೊನ್ನೆಗೆ ತಂದ. ಯಾಕೆಂದು ತನಗೂ ಗೊತ್ತಿರಲಿಲ್ಲ.

ಮನೆಯ ಮುಂದೆ ಗಾಡಿ ನಿಂತಾಗ ಯಂಕೋಬ ಕಟ್ಟೆಯಿಂದ ಎದ್ದುಬಂದ. ಮುದುಕಮ್ಮ ಬಾಗಿಲಲ್ಲಿ ನಿಂತು ಪಕ್ಕದ ಸೀಟನ್ನು ನೋಡಿದಳು, ಒಳಗೆ ಹೋದಳು.

"ಬರಲಿಲ್ಲೇನು?"

"ಇಲ್ಲಪ್ಪಾ. ಜುಲೈತನಕ ಅಲ್ಲೇ ಇರ್ತಾಳ. ನಾ ಆವತ್ತು ಹೇಳಲಿಲ್ಲ, ಅದಕ್ಕ."

ಯಂಕೋಬ ಗಾಡಿಯ ಬಾಗಿಲಿಗೆ ಕೈಯೂರಿ ನಿಂತ. "ಎಷ್ಟು ದೂರ ಆಗ್ತೈತಿ ಆಕಿ ರೂಮು, ಇಲ್ಲಿಂದ?"

ಸುಮಾರು ಮೂವತ್ತು ಎಂದು ಹೇಳಿಬಿಡಬಹುದಿತ್ತು. ವೀರೇಶ ಬಾಗಿ ಮೀಟರು ನೋಡಿದ.

"ಇಪ್ಪತ್ತೆಂಟು ಪಾಯಿಂಟ್ ಆರು ಕಿಲೋಮೀಟರ್," ಎಂದ.